ನಾಲ್ಕನೇ ನಂಬರಿನ ಜ್ವರ

ಕಮಲಾಪುರದಿಂದ ಬಾಳೆಗೊನೆ ಹೇರಿಕೊಂಡು ಬಂದ ಗಾಡಿಯವನು ಹೋದ ತಿಂಗಳು ಆ ಸುದ್ದಿ ಹೇಳಿದ. ನರ್ಸಬಾಯಿ ತೀರಿಕೊಂಡರಂತೆ. ನಾನು ಚೀಲ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತದ್ದು ನೋಡಿ, ನಿಮ್ಮ ಸಂಬಂಧಿಕರೇನು ಎಂದು ಕೇಳಿದ. ಅಲ್ಲ ಎಂದೆ. ಹಾಗಾದರೆ ಗುರುತಿನವರೇನು ಎಂದ. ಅದಕ್ಕೂ ತಟ್ಟನೆ ಹೂಂ ಎನ್ನಲಾಗಲಿಲ್ಲ. ಎರಡು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ್ದೆವು. ಆ ಎರಡು ವರ್ಷವೂ ನಾನು ಅವರ ಮೇಲೆ ಗುಮಾನಿ ಪಡುತ್ತಲೇ ಇದ್ದೆ. ಅದನ್ನು ಗುರುತು ಎನ್ನಬಹುದೋ ಏನೋ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರೆಲ್ಲ ನರ್ಸಬಾಯಿ ಎಂದೇ ಕರೆಯುತ್ತಿತ್ತು, ನನಗೂ ಅದೇ ರೂಢಿ.

ಆಗ ನಿಜಾಮರ ಆಳಿಕೆ. ಕಲಬುರ್ಗಿಯ ಶಹಾಬಜಾರದ ಒಂದು ಸಂದಿಯಲ್ಲಿ, ಹೆಂಗಸರಿಗೆಂದೇ ಒಬ್ಬ ಜಹಗೀರದಾರರು ಕಟ್ಟಿಸಿಕೊಟ್ಟಿದ್ದ ಸಣ್ಣ ದವಾಖಾನೆಯೊಂದಿತ್ತು. ಹನ್ನೆರಡು ಮಂಚ, ಹೆರಿಗೆಯ ಕೋಣೆ ಒಂದು, ಮುಂದಿನ ಪಡಸಾಲೆಯಲ್ಲಿ ನನ್ನ ಮೇಜು. ಈಗ ಆ ದವಾಖಾನೆಯೂ ಇಲ್ಲ, ಕಟ್ಟಡವೂ ಇಲ್ಲ. ನಾನು ಅಲ್ಲಿ ಮುನಶಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಮೇಜಿನ ಮೇಲೆ ಉರ್ದು, ಹೀಗೆ ನನ್ನ ದಿನ ಸಾಗುತ್ತಿತ್ತು. ಒಳಗೆ ಬಂದವರು, ಹುಟ್ಟಿದ ಕೂಸುಗಳು, ಸತ್ತವರು, ಎಲ್ಲ ಉರ್ದುವಿನಲ್ಲಿ ದಾಖಲಾಗಬೇಕು. ತಿಂಗಳ ಕೊನೆಗೆ ಅದರದೊಂದು ತಖ್ತೆ, ಅಂದರೆ ಪಟ್ಟಿ ಮಾಡಿ ಹೈದರಾಬಾದಿಗೆ ಕಳಿಸಬೇಕು.

ಆ ತಖ್ತೆಯಲ್ಲಿ ಸಾವಿನ ಕಾರಣವನ್ನು ಮಾತಿನಲ್ಲಿ ಬರೆಯುವಂತಿರಲಿಲ್ಲ, ನಂಬರು ಹಾಕಬೇಕು. ಒಂದು ಕಾಲರಾ, ಎರಡು ಸಿಡುಬು, ಮೂರು ಪ್ಲೇಗು, ನಾಲ್ಕು ಜ್ವರ, ಐದು ಭೇದಿ, ಆರು ಹೆರಿಗೆ. ಆರು ಹಾಕಿದರೆ ಅದು ದವಾಖಾನೆಯ ತಲೆಗೆ ಬರುತ್ತಿತ್ತು. ಯಾಕೆ ಸತ್ತಳು, ಯಾರು ನೋಡಿದರು ಎಂದು ಮೇಲಿನಿಂದ ಸವಾಲುಗಳು ಬರುತ್ತಿದ್ದವು. ನಾಲ್ಕು ಹಾಕಿದರೆ ಯಾರೂ ಕೇಳುತ್ತಿರಲಿಲ್ಲ, ಜ್ವರ ಎಲ್ಲ ಊರಿಗೂ ಬರುವಂಥದ್ದೇ. ನಮ್ಮ ಡಾಕ್ಟರ ಸಾಹೇಬರಿಗೆ ನಾಲ್ಕರ ಮೇಲೆ ಬಹಳ ಪ್ರೀತಿ. ಬಾಣಂತಿ ರಕ್ತ ಹೋಗಿ ಸತ್ತಿದ್ದರೂ, ಕೊನೆಯಲ್ಲಿ ಮೈ ಬಿಸಿಯಿತ್ತಲ್ಲ ಎನ್ನುತ್ತಿದ್ದರು. ಗಂಡಸಾದ್ದರಿಂದ ಅವರು ಹೆರಿಗೆಯ ಕೋಣೆಗೆ ಕಾಲಿಡುವುದೇ ಅಪರೂಪ. ಪರದೆಯ ಈಚೆ ನಿಂತು ಕೇಳುವರು, ಬಂದು ನನಗೆ ನಂಬರು ಹೇಳುವರು. ನಾನು ಹಾಕುತ್ತಿದ್ದೆ.

ನರ್ಸಬಾಯಿ ಬಂದ ಮೇಲೆ ಈ ಸರಾಗಕ್ಕೆ ಕಲ್ಲು ಬಿತ್ತು.

ಅವರು ಕಮಲಾಪುರದ ಒಕ್ಕಲು ಮನೆತನದವರು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಯಾರದೋ ಸಹಾಯದಿಂದ ಹೈದರಾಬಾದಿಗೆ ಹೋಗಿ ಎರಡು ವರ್ಷ ಹೆರಿಗೆಯ ಕೆಲಸ ಕಲಿತು ಬಂದಿದ್ದರು. ಎತ್ತರದ ಆಳು, ದೊಡ್ಡ ಹೆಜ್ಜೆ, ಬಿಳಿ ಸೀರೆ. ಸೊಂಟದಲ್ಲಿ ದಾರ ಕಟ್ಟಿದ ಒಂದು ಗಡಿಯಾರ. ಕೈ ಮಾತ್ರ ನೋಡುವಂತಿರಲಿಲ್ಲ. ಔಷಧದ ನೀರಿನಲ್ಲಿ ತೊಳೆದೂ ತೊಳೆದೂ ಚರ್ಮ ಬಿರಿದು ಹೋಗಿತ್ತು. ಉಗುರನ್ನು ಮಾಂಸ ಕಾಣುವವರೆಗೆ ಕತ್ತರಿಸಿಕೊಳ್ಳುತ್ತಿದ್ದರು. ಒಮ್ಮೆ ಕೈ ತೊಳೆದರೆಂದರೆ ಎರಡೂ ಕೈ ಮೇಲೆತ್ತಿ ಹಿಡಿದು, ಮೊಳಕೈಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವರು. ನಡುವೆ ಸೆರಗು ಜಾರಿದರೂ ಮುಟ್ಟುತ್ತಿರಲಿಲ್ಲ, ಆಯಾಳನ್ನು ಕರೆದು ಸರಿಮಾಡಿಸಿಕೊಳ್ಳುತ್ತಿದ್ದರು. ನಾನು ವೈಷ್ಣವರ ಮನೆಯಲ್ಲಿ ಮಡಿ ನೋಡುತ್ತಲೇ ಬೆಳೆದವನು. ಒಕ್ಕಲಗಿತ್ತಿಗೆ ನಮ್ಮವ್ವನನ್ನು ಮೀರಿಸುವ ಮಡಿ ಎಲ್ಲಿಂದ ಬಂತು ಎಂದು ಮನೆಯಲ್ಲಿ ಹೇಳಿ ನಗಿಸುತ್ತಿದ್ದೆ.

ಬಂದ ಹೊಸತರಲ್ಲೇ ಕೋಟನೂರಿನಿಂದ ಒಬ್ಬ ಬಸುರಿಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಮೈಯಲ್ಲಿ ಗಾಳಿ ಹೊಕ್ಕಿದೆ ಎಂದು ಮನೆಯವರ ಮಾತು. ಕೈಕಾಲು ಸೆಟೆದುಕೊಂಡು, ನಾಲಗೆ ಕಚ್ಚಿಕೊಂಡು, ಎರಡು ತಾಸಿನೊಳಗೆ ಆಕೆ ತೀರಿಕೊಂಡಳು. ಮನೆಯವರು ಹೆಣ ಎತ್ತಲು ಅವಸರ ಮಾಡುತ್ತಿದ್ದರು. ನರ್ಸಬಾಯಿ ಆಕೆಯ ಅತ್ತೆಯನ್ನು ಮೂಲೆಯಲ್ಲಿ ಕೂಡಿಸಿಕೊಂಡು ಕೇಳುತ್ತಲೇ ಇದ್ದರು. ಕಾಲು ಬಾತಿದ್ದವೇ, ಮುಖ ಊದಿತ್ತೇ, ತಲೆನೋವು ಎಂದಿನಿಂದ, ಕಣ್ಣು ಮಬ್ಬಾಗಿದೆ ಎಂದಿದ್ದಳೇ. ಆ ಮುದುಕಿ ಅಳುತ್ತಳುತ್ತ ಉತ್ತರ ಕೊಡುತ್ತಿದ್ದಳು. ಸತ್ತವಳ ಮುಂದೆ ಕೂತು ಇದೇನು ತನಿಖೆ ಎಂದು ನನಗೆ ಕಿರಿಕಿರಿಯಾಯಿತು. ಕೊನೆಗೆ ಅವರು ನನ್ನ ಮೇಜಿಗೆ ಬಂದು ಏನು ಬರೆದಿರಿ ಎಂದು ಕೇಳಿದರು. ನಾಲ್ಕು ಎಂದೆ.

"ಮೈ ಮುಟ್ಟಿ ನೋಡೀರೇನು, ಮುನಶಿಯವರ? ಮೈ ತಣ್ಣಗಿತ್ತು. ಆಕಿಗೆ ಸೆಳವು ಬಂದಾವ. ಆರು ಹಾಕ್ರಿ, ಬಾಜೂಕ ಸೆಳವು ಅಂತ ಬರೀರಿ."

ನಂಬರಿನ ಪಕ್ಕದಲ್ಲಿ ಬರೆಯಲು ಜಾಗವಿಲ್ಲ ಎಂದೆ.

"ಜಾಗಾ ಇಲ್ಲಂದ್ರ ಒಂದು ಹಾಳಿ ಅಂಟಸ್ರಿ."

ಇದನ್ನು ಡಾಕ್ಟರ ಸಾಹೇಬರಿಗೆ ಹೇಳಿದಾಗ ಅವರು ನಕ್ಕರು. ನಾಲ್ಕು ನಾಲ್ಕಾಗಿಯೇ ಉಳಿಯಿತು. ಮರುದಿನ ನೋಡುತ್ತೇನೆ, ನರ್ಸಬಾಯಿ ಬಜಾರದಿಂದ ಒಂದು ಉದ್ದನೆಯ ವಹಿ ತಂದು ಅದಕ್ಕೆ ಕೆಂಪು ಬಟ್ಟೆ ಸುತ್ತುತ್ತಿದ್ದರು.

ನನ್ನ ಗುಮಾನಿ ಆ ವಹಿಯಿಂದ ಶುರುವಾಯಿತು. ದವಾಖಾನೆಯಲ್ಲಿ ದಾಖಲೆ ಇಡುವವನು ನಾನು. ಈಕೆಗೆ ಬೇರೆ ವಹಿ ಯಾಕೆ? ಅದೂ ಕನ್ನಡದಲ್ಲಿ. ನಾನು ಹತ್ತಿರ ಹೋದರೆ ಮುಚ್ಚುವರು. ಏನು ಬರೆಯುತ್ತೀರಿ ಎಂದು ಒಮ್ಮೆ ಕೇಳಿದೆ. ಮರೆತು ಹೋಗುತ್ತದೆ ಅದಕ್ಕೆ ಎಂದರು. ಅಷ್ಟೇ.

ಆಮೇಲೆ ನೋಡಿದ್ದೆಲ್ಲ ಅನುಮಾನದ್ದೇ ಆಯಿತು. ವಾರಕ್ಕೊಮ್ಮೆ, ಗುರುವಾರ, ಅವರು ಮೋಟಾರು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದರು. ತಾಯಿ ಇದ್ದಾಳೆ ಎನ್ನುತ್ತಿದ್ದರು, ಆದರೆ ಅಲ್ಲಿ ಬಸುರಿಯರ ಮನೆಮನೆಗೆ ತಿರುಗುತ್ತಾರೆಂದು ಸುದ್ದಿ. ಸತ್ತ ಬಾಣಂತಿಯರ ಮನೆಗೂ ಹೋಗುತ್ತಿದ್ದರು. ಹೋಗಿ ಕೂಸನ್ನು ನೋಡುವರು, ಅದೇ ಓಣಿಯಲ್ಲಿ ಇನ್ನಾರು ಹೆತ್ತಿದ್ದಾರೆ, ಅವರಿಗೂ ಜ್ವರ ಬಂದಿದೆಯೇ ಎಂದು ಕೇಳುವರು. ಶಹಾಬಜಾರದ ಜನ ತಲೆಗೊಂದು ಮಾತಾಡುತ್ತಿದ್ದರು. ತಾಯಿಯಿಲ್ಲದ ಕೂಸುಗಳನ್ನು ಯಾರಿಗೋ ಒದಗಿಸುತ್ತಾಳೆ ಎಂದು ಒಬ್ಬರು, ಬಸಿರು ಇಳಿಸುವ ಕೆಲಸ ಗುಟ್ಟಾಗಿ ಮಾಡುತ್ತಾಳೆ ಎಂದು ಇನ್ನೊಬ್ಬರು. ನಾನು ಯಾವುದನ್ನೂ ಪೂರ್ತಿ ನಂಬಲಿಲ್ಲ, ಯಾವುದನ್ನೂ ತಳ್ಳಿಹಾಕಲೂ ಇಲ್ಲ. ಡಾಕ್ಟರ ಸಾಹೇಬರು ಒಂದು ದಿನ ನನ್ನನ್ನು ಕರೆದು, ಆ ಹೆಂಗಸಿನ ಮೇಲೆ ನಜರು ಇರಲಿ ಎಂದರು. ಅಲ್ಲಿಗೆ ನನ್ನ ಅನುಮಾನಕ್ಕೆ ಹುಕುಮು ಸಿಕ್ಕಂತಾಯಿತು.

ಒಂದು ಮಧ್ಯಾಹ್ನ ಅವರು ಹೆರಿಗೆಯ ಕೋಣೆಯಲ್ಲಿದ್ದಾಗ ವಹಿ ಕಿಟಕಿಯ ಮೇಲೆ ಉಳಿದಿತ್ತು. ತೆಗೆದು ನೋಡಿದೆ. ಪ್ರತಿಯೊಬ್ಬ ಹೆಂಗಸಿಗೂ ಒಂದು ಸಾಲು. ನೋವು ಹತ್ತಿದ್ದು ಯಾವಾಗ, ನೀರು ಹೋದದ್ದು ಯಾವಾಗ, ಕೂಸು ಬಂದದ್ದು ಯಾವಾಗ. ಸಾಲಿನ ಕೊನೆಗೆ ಒಂದು ಅಕ್ಷರ. 'ರ' ಅಂದರೆ ರಕ್ತ ಹೋದದ್ದು, 'ಸೆ' ಅಂದರೆ ಸೆಳವು, 'ಅ' ಅಂದರೆ ಅಡ್ಡ ತಿರುಗಿದ ಕೂಸು, 'ಮಾ' ಅಂದರೆ ಮಾಸು ಬೀಳದೆ ಉಳಿದದ್ದು, 'ಜ' ಅಂದರೆ ಬಾಣಂತಿ ಜ್ವರ. ಇಷ್ಟು ನನಗೆ ತಿಳಿಯಿತು. ತಿಳಿಯದೇ ಇದ್ದದ್ದು ಕೆಲವು ಹೆಸರುಗಳ ಕೆಳಗಿದ್ದ ಸೊನ್ನೆ. ಬದುಕಿದವರಲ್ಲೂ ಇತ್ತು, ಸತ್ತವರಲ್ಲೂ ಇತ್ತು. ಆದರೆ ಜ್ವರ ಬಂದು ಸತ್ತವರಲ್ಲಿ ಸೊನ್ನೆಯಿಲ್ಲದ ಹೆಸರು ನನಗೆ ಕಾಣಲೇ ಇಲ್ಲ. ಈಕೆ ಏನೋ ಮಾಡುತ್ತಾಳೆ, ಮಾಡಿದ್ದಕ್ಕೆ ಗುರುತು ಹಾಕಿಕೊಳ್ಳುತ್ತಾಳೆ ಎಂದು ನನ್ನ ಮನಸ್ಸು ಹೇಳಿತು. ಸಾಹೇಬರಿಗೆ ವರದಿ ಒಪ್ಪಿಸಿದೆ. ಅವರು ಗಡ್ಡ ನೀವಿಕೊಂಡು, ಈಗ ಸುಮ್ಮನಿರು, ವೇಳೆಗೆ ಬೇಕಾಗುತ್ತದೆ ಎಂದರು.

ಎರಡನೆಯ ವರ್ಷದ ಬೇಸಗೆಯಲ್ಲಿ ಹೊರಗಿನಿಂದ ಒಬ್ಬ ಬಾಣಂತಿಯನ್ನು ತಂದು ಹಾಕಿದರು. ಮನೆಯಲ್ಲೇ ಹೆತ್ತು ನಾಲ್ಕನೆಯ ದಿನ. ಮೈ ಕೆಂಡದಂತೆ ಸುಡುತ್ತಿತ್ತು, ಹೊಟ್ಟೆ ಉಬ್ಬಿತ್ತು. ನರ್ಸಬಾಯಿ ಆಕೆಯನ್ನು ಬೇರೆ ಮನೆಯಲ್ಲಿ ಇಡಬೇಕು ಎಂದು ಬೇಡಿಕೊಂಡರು. ಜಾಗವಿಲ್ಲ ಎಂದರು ಸಾಹೇಬರು. ಮೂರು ದಿನಕ್ಕೆ ಆಕೆ ಹೋದಳು. ಅದೇ ವಾರ ದವಾಖಾನೆಯಲ್ಲಿ ಸುಖವಾಗಿ ಹೆತ್ತ ಒಬ್ಬಾಕೆಗೆ ಜ್ವರ ಬಂತು, ಆಕೆಯೂ ಹೋದಳು. ಆಮೇಲೆ ಮತ್ತೊಬ್ಬಾಕೆ. ಮೂವರಿಗೂ ನಾನು ನಾಲ್ಕು ಹಾಕಿದೆ.

ಮೂರನೆಯವಳ ಹೆಣ ಹೋದ ಬೆಳಿಗ್ಗೆ ನರ್ಸಬಾಯಿ ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಕನ್ನಡದಲ್ಲಿ ಬರೆದದ್ದು. ಜ್ವರದ ಬಾಣಂತಿಯನ್ನು ಮುಟ್ಟಿದ ಕೈಯಿಂದ ಬೇರೆ ಹೆರಿಗೆ ಮಾಡಿಸುವುದು ತಪ್ಪೆಂದು ತಮಗೆ ಕಲಿಸಿದ್ದಾರೆ, ಆದ್ದರಿಂದ ಕೆಲವು ವಾರ ತಮ್ಮನ್ನು ಹೆರಿಗೆಯ ಕೆಲಸದಿಂದ ಬಿಡಿಸಬೇಕು, ಕೋಣೆಗೆ ಸುಣ್ಣ ಹೊಡೆಸಿ ಮುಚ್ಚಬೇಕು, ಬರುವವರನ್ನು ಬೇರೆ ಕಡೆ ಕಳಿಸಬೇಕು ಎಂದಿತ್ತು. ಇಂದೇ ಆವಕ ಮಾಡಿರಿ, ಬಂದ ಕಾಗದಗಳ ವಹಿಗೆ ಏರಿಸಿರಿ ಎಂದರು.

ನನಗೆ ಅದರಲ್ಲಿ ಕಂಡದ್ದು ಬೇರೆಯೇ. ಮೂವರು ಸತ್ತ ಮೇಲೆ ಈಕೆ ಜಾರಿಕೊಳ್ಳಲು ನೋಡುತ್ತಾಳೆ ಎಂದುಕೊಂಡೆ. ಕಾಗದವನ್ನು ಆವಕದ ವಹಿಗೆ ಏರಿಸದೆ ಸಾಹೇಬರ ಬಳಿ ಒಯ್ದೆ, ಉರ್ದುವಿನಲ್ಲಿ ಓದಿ ಹೇಳಿದೆ. ಅವರು, ಸರಕಾರಿ ಭಾಷೆಯಲ್ಲಿಲ್ಲದ್ದು ಅರ್ಜಿಯೇ ಅಲ್ಲ, ಇಟ್ಟುಬಿಡು ಎಂದರು. ನನ್ನ ಮೇಜಿನ ಖಾನೆಯಲ್ಲಿ ಇಟ್ಟೆ. ನರ್ಸಬಾಯಿ ಎರಡು ಸಲ ಬಂದು ಕೇಳಿದರು. ಎರಡು ಸಲವೂ, ಸಾಹೇಬರು ನೋಡುತ್ತಿದ್ದಾರೆ ಎಂದೆ.

ಅಲ್ಲಿಂದ ಹತ್ತು ಹನ್ನೆರಡು ದಿನಗಳಲ್ಲಿ ಇನ್ನಿಬ್ಬರು ಹೆತ್ತರು, ಬೇರೆ ಯಾರೂ ಇಲ್ಲದ್ದರಿಂದ ನರ್ಸಬಾಯಿಯೇ ಹೆರಿಗೆ ಮಾಡಿಸಿದರು. ಇಬ್ಬರೂ ಜ್ವರ ಬಂದು ಸತ್ತರು. ಐದನೆಯವಳು ಸತ್ತ ದಿನ ನರ್ಸಬಾಯಿ ಯಾರನ್ನೂ ಕೇಳದೆ ಗಂಟು ಕಟ್ಟಿಕೊಂಡು ಕಮಲಾಪುರಕ್ಕೆ ಹೋಗಿಬಿಟ್ಟರು. ಓಡಿಹೋದಳು ಎಂದು ಸಾಹೇಬರು ಎಲ್ಲರ ಮುಂದೆ ಹೇಳಿದರು. ನಾನೂ ಹಾಗೆಯೇ ತಿಳಿದೆ.

ನನ್ನ ಹೆಂಡತಿಯ ತವರೂ ಕಮಲಾಪುರವೇ. ಚೊಚ್ಚಲ ಹೆರಿಗೆಗೆ ಹೋಗಿದ್ದಳು. ಅದಾಗಿ ಒಂದು ವಾರಕ್ಕೆ ನೋವು ಹತ್ತಿದೆ ಎಂದು ಸುದ್ದಿ ಬಂತು, ಮೋಟಾರು ಹಿಡಿದು ಹೋದೆ. ನಾನು ಮುಟ್ಟುವಷ್ಟರಲ್ಲಿ ನೀರು ಹೋಗಿ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಕೂಸು ಕೆಳಗೆ ಇಳಿಯುತ್ತಿಲ್ಲ. ಒಳಗೆ ಸೂಲಗಿತ್ತಿ ಮುದುಕಿ, ಪಡಸಾಲೆಯಲ್ಲಿ ನಮ್ಮತ್ತೆ. ನನ್ನನ್ನು ಕಂಡ ಕೂಡಲೆ ಅವರು, ನರ್ಸಬಾಯಿಯನ್ನು ಕರೆದುಕೊಂಡು ಬರ್ರಿ ಅಳಿಯಂದ್ರ ಎಂದರು. ಊರಲ್ಲಿ ಕಲಿತವರು ಬೇರೆ ಯಾರೂ ಇರಲಿಲ್ಲ. ನನ್ನ ಅನುಮಾನವನ್ನೆಲ್ಲ ನುಂಗಿಕೊಂಡು ಅವರ ತಾಯಿಯ ಮನೆಗೆ ಓಡಿದೆ.

ಅವರು ಕೇಳಿದ್ದೇ ಎದ್ದು ಬಂದರು. ನನಗಿಂತ ಮುಂದೆ ನಡೆದರು. ಆದರೆ ನಮ್ಮತ್ತೆಯ ಮನೆಯ ಅಂಗಳಕ್ಕೆ ಬಂದವರು ಬೇವಿನ ಗಿಡದ ಕೆಳಗೆ ನಿಂತುಬಿಟ್ಟರು.

"ನಾ ಒಳಗ ಬರೂದಿಲ್ರಿ, ಮುನಶಿಯವರ. ಇಲ್ಲಿಂದಾನ ಹೇಳ್ತೀನಿ. ಕಿಟಕಿ ತಗಸ್ರಿ."

ನಾನು ಕೈ ಮುಗಿದೆ. ವಹಿ ನೋಡಿದ್ದು ಗೊತ್ತಾಗಿ ಹಗೆ ಸಾಧಿಸುತ್ತಿದ್ದಾಳೆ ಎನಿಸಿತು. ಏನೇ ತಪ್ಪು ಮಾಡಿದ್ದರೂ ನನ್ನ ಮೇಲೆ ತೀರಿಸಿಕೊಳ್ಳಿರಿ, ಆಕೆಯ ಮೇಲೆ ಬೇಡ ಎಂದೆ. ಅವರು ನನ್ನ ಮುಖವನ್ನು ನೋಡಿದರು. ಕಿಟಕಿಯತ್ತ ತಿರುಗಿ ಸೂಲಗಿತ್ತಿಗೆ ಕೂಗಿ ಹೇಳತೊಡಗಿದರು. ಬಳೆ ತೆಗೆ. ಉಗುರು ಕತ್ತರಿಸು. ಕುದಿಸಿದ ನೀರಲ್ಲಿ ಮೊಳಕೈತನಕ ತೊಳಿ. ಮುದುಕಿ ಗೊಣಗಿದಳು. ಮತ್ತೆ ತೊಳಿ ಎಂದರು.

ಆಮೇಲೆ ಅದೇ ತನಿಖೆ, ಅದೇ ಪ್ರಶ್ನೆಗಳು. ನೋವು ಎಷ್ಟು ಹೊತ್ತಿಗೊಮ್ಮೆ, ತಲೆ ಕೈಗೆ ಹತ್ತುತ್ತದೆಯೇ. ಒಳಗೆ ನನ್ನ ಹೆಂಡತಿ ಒರಲುತ್ತಿದ್ದಾಳೆ, ಇಲ್ಲಿ ಈಕೆ ಸೊಂಟದ ಗಡಿಯಾರ ನೋಡಿ ವಹಿಯಲ್ಲಿ ಬರೆಯುತ್ತಿದ್ದಾಳೆ. ನನ್ನ ಮೈ ಉರಿಯಿತು. ಮುದುಕಿ ಕೈ ಒಳಗೆ ಹಾಕಿ ಎಳೆಯುತ್ತೇನೆ ಎಂದಳು. ಹಾಕಬೇಡ ಎಂದು ನರ್ಸಬಾಯಿ ಗದರಿದರು. ಸ್ವಲ್ಪ ತಡೆದು ಕೇಳಿದರು:

"ಮುಂಜಾನಿಂದ ಆಕಿ ಉಚ್ಚಿ ಹೋಗ್ಯಾಳೇನು?"

ನಿನ್ನೆಯಿಂದಲೇ ಇಲ್ಲ ಎಂದಳು ಮುದುಕಿ. ನರ್ಸಬಾಯಿ ಎರಡೂ ಕಣ್ಣು ಮುಚ್ಚಿ ತೆರೆದರು. ಆಕೆಯನ್ನು ಕುಕ್ಕರುಗಾಲಿನಲ್ಲಿ ಕೂಡಿಸಿರಿ, ಬೆಚ್ಚಗಿನ ನೀರು ಸುರಿಯುತ್ತ ಇರಿ, ಅವಸರ ಬೇಡ ಎಂದರು. ಬಹಳ ಹೊತ್ತಾಯಿತು. ಕೊನೆಗೆ ಆಯಿತು ಎಂದು ಒಳಗಿನಿಂದ ಕೂಗಿದರು. ಉಚ್ಚೆ ತುಂಬಿ ಕೂಸಿಗೆ ಅಡ್ಡವಾಗಿದ್ದ ಕಿಬ್ಬೊಟ್ಟೆ ಸಡಿಲಾಗಿ, ತಾಸೊಂದರಲ್ಲಿ ಕೂಸಿನ ತಲೆ ಇಳಿಯಿತು. ಗಂಡು. ಆಮೇಲೆ ಮಾಸು ಬೀಳದೆ ರಕ್ತ ಹರಿಯಿತು. ಹೊಕ್ಕುಳ ಹುರಿ ಎಳೆಯಬೇಡ, ಕೂಸನ್ನು ಎದೆಗೆ ಹಚ್ಚು, ಹೊಟ್ಟೆ ಉಜ್ಜು, ಬಿಡದೆ ಉಜ್ಜು ಎಂದು ಅವರು ಬಿಸಿಲಿನಲ್ಲಿ ನಿಂತೇ ಕೂಗುತ್ತಿದ್ದರು. ಗಿಡದ ನೆರಳು ಸರಿದು ಹೋಗಿದ್ದು ಅವರಿಗೆ ತಿಳಿದೇ ಇರಲಿಲ್ಲ. ಮಾಸು ಬಿತ್ತು. ರಕ್ತ ನಿಂತಿತು. ಅವರು ಕೂಸಿನ ಮುಖವನ್ನೂ ನೋಡದೆ ಹೊರಟು ಹೋದರು.

ನನಗೆ ಉಪಕಾರ ಕಾಣಲಿಲ್ಲ. ಅವರು ಒಳಗೆ ಬರಲಿಲ್ಲ ಎಂಬುದಷ್ಟೇ ಕಂಡಿತು. ಕಲಬುರ್ಗಿಗೆ ಮರಳಿದ ದಿನವೇ, ಸಾಯುತ್ತಿದ್ದವಳ ಬಾಗಿಲಿಗೆ ಬಂದು ಮುಟ್ಟಲು ಒಲ್ಲೆನೆಂದಳು ಎಂದು ಬರೆದುಕೊಟ್ಟೆ. ಸಾಹೇಬರು ಕಾಯುತ್ತಿದ್ದದ್ದೂ ಅದಕ್ಕೇ. ಐದು ಸಾವು, ಗುಪ್ತ ವಹಿ, ರಜೆಯಿಲ್ಲದೆ ಹೋದದ್ದು, ನನ್ನ ದೂರು, ಎಲ್ಲವನ್ನೂ ಸೇರಿಸಿ ಮೇಲಕ್ಕೆ ಕಳಿಸಿದರು. ಹೈದರಾಬಾದಿನಿಂದ ಒಬ್ಬ ಹಿರಿಯ ಅಧಿಕಾರಿ ವಿಚಾರಣೆಗೆ ಬಂದರು.

ವಿಚಾರಣೆ ನಮ್ಮ ಪಡಸಾಲೆಯಲ್ಲೇ ನಡೆಯಿತು. ನರ್ಸಬಾಯಿ ವಹಿ ತಂದಿದ್ದರು. ಸೊನ್ನೆ ಏನೆಂದು ಅಧಿಕಾರಿ ಕೇಳಿದರು. ತಮ್ಮ ಕೈ ಮುಟ್ಟಿದ ಹೆಂಗಸರಿಗೆಲ್ಲ ಸೊನ್ನೆ ಹಾಕಿದ್ದಾಗಿ ಹೇಳಿದರು. ಯಾಕೆ ಎಂದರು.

"ಜ್ವರ ಎಲ್ಲಿಂದ ಎಲ್ಲಿಗೆ ಹೋತು ತಿಳೀಬೇಕಲ್ರಿ. ಈ ಐದೂ ಮಂದಿನ್ನ ನಾನ ಮುಟ್ಟೀನಿ. ಮೊದಲನೇ ಆಕಿ ಜ್ವರ ತಗೊಂಡ ಬಂದ್ಲು. ಉಳದ ನಾಲ್ಕೂ ಮಂದಿಗೆ ಅದು ನನ್ನ ಕೈಯಿಂದ ಹೋಗೇದ. ತೊಳದ್ರೂ ಹೋಗೇದ."

ನಾನು ಅದನ್ನು ಉರ್ದುವಿಗೆ ತಿರುಗಿಸಿ ಹೇಳಬೇಕಿತ್ತು. ಅವರು ಅಂಗಳದಲ್ಲಿ ಯಾಕೆ ನಿಂತರು ಎಂದು ನನಗೆ ತಿಳಿದದ್ದು ಆ ವಾಕ್ಯದ ನಡುವೆ. ಒಳಗೆ ಬಂದಿದ್ದರೆ ನನ್ನ ಹೆಂಡತಿ ಆರನೆಯವಳಾಗುತ್ತಿದ್ದಳು.

ಅಧಿಕಾರಿ ಹುಬ್ಬು ಗಂಟಿಕ್ಕಿದರು. ಇಷ್ಟು ತಿಳಿದೂ ಯಾಕೆ ಕೆಲಸ ಮುಂದುವರಿಸಿದೆ ಎಂದು ಕೇಳಿದರು. ಮೂರನೆಯ ಸಾವಿನ ದಿನವೇ ಅರ್ಜಿ ಕೊಟ್ಟಿದ್ದೇನೆ, ಮುನಶಿಯವರ ಕೈಗೇ ಕೊಟ್ಟಿದ್ದೇನೆ ಎಂದರು. ಸಾಹೇಬರು ತಲೆಯೆತ್ತಿ ನನ್ನನ್ನು ನೋಡಿದರು. ಅಧಿಕಾರಿಯೂ ನೋಡಿದರು. ನರ್ಸಬಾಯಿ ಮಾತ್ರ ನೋಡಲಿಲ್ಲ, ವಹಿಯ ಬಟ್ಟೆ ಸರಿಮಾಡುತ್ತಿದ್ದರು. ಆ ಕಾಗದ ನನ್ನಿಂದ ಒಂದು ಮೊಳ ದೂರದಲ್ಲಿ ಖಾನೆಯೊಳಗಿತ್ತು.

ಅಂಥ ಅರ್ಜಿ ಆವಕ ಆಗಿಲ್ಲ, ಹುಜೂರ್ ಎಂದೆ.

ಅದು ಸುಳ್ಳಲ್ಲ. ಆವಕ ಆಗಿರಲಿಲ್ಲ. ಹೀಗೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ನರ್ಸಬಾಯಿಯನ್ನು ಕೆಲಸದಿಂದ ತೆಗೆದರು. ಐದು ಸಾವಿಗೂ ನಾಲ್ಕೇ ಉಳಿಯಿತು. ಹೋಗುವಾಗ ಅವರು ನನ್ನ ಮೇಜಿನ ಮುಂದೆ ನಿಂತು, ಕೂಸು ಹಾಲು ಕುಡಿಯುತ್ತದೆಯೇ ಎಂದು ಕೇಳಿದರು. ಕುಡಿಯುತ್ತದೆ ಎಂದೆ. ಹೂಂ ಎಂದು ಹೋದರು.

ಆರು ತಿಂಗಳು ನಾನು ಆ ಖಾನೆಯನ್ನು ತೆರೆಯಲಿಲ್ಲ. ಈಗ ಗುಮಾನಿ ದಿಕ್ಕು ಬದಲಿಸಿತ್ತು. ಸಾಹೇಬರು ನಕ್ಕರೆ ಯಾಕೆ ನಕ್ಕರು ಎನಿಸುತ್ತಿತ್ತು. ನಾನು ಮನೆಯಲ್ಲಿ ಕೂಸನ್ನು ಎತ್ತಿಕೊಂಡರೆ ಹೆಂಡತಿ ನನ್ನ ಮುಖ ಯಾಕೆ ನೋಡುತ್ತಾಳೆ ಎನಿಸುತ್ತಿತ್ತು. ಕೊನೆಗೆ ಒಂದು ದಿನ ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಕಮಲಾಪುರಕ್ಕೆ ಹೋದೆ.

ಅವರು ತಾಯಿಯ ಮನೆಯ ಜಗಲಿಯ ಮೇಲೆ ನಾಲ್ಕು ಜನ ಸೂಲಗಿತ್ತಿಯರನ್ನು ಕೂಡಿಸಿಕೊಂಡು ಉಗುರು ಕತ್ತರಿಸುವುದನ್ನು ಕಲಿಸುತ್ತಿದ್ದರು. ನಮ್ಮತ್ತೆಯ ಮನೆಗೆ ಬಂದಿದ್ದ ಮುದುಕಿಯೂ ಅಲ್ಲಿದ್ದಳು. ನಾನು ಕಾಗದ ಕೊಟ್ಟೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. ಒಳಗಿನಿಂದ ದೌತಿ, ಲೆಕ್ಕಣಿಕೆ ತಂದರು.

"ಇದರ ಬೆನ್ನ ಮ್ಯಾಲ ಬರೀರಿ. ಯಾವತ್ತು ನಿಮ್ಮ ಕೈಗೆ ಬಂತು, ಯಾರು ಇಟ್ಟುಬಿಡು ಅಂದ್ರು, ಅದಾದ ಮ್ಯಾಲ ಯಾರ್ಯಾರು ಹಡದ್ರು, ಯಾವತ್ತು ಸತ್ರು. ಉರ್ದೂದಾಗ ಬರೀರಿ. ಅಡ್ಡಹೆಸರು ಹಚ್ಚಿ ಸಹಿ ಮಾಡ್ರಿ."

ಬರೆದೆ. ಒಂದು ಕಡೆ ಮಸಿ ಚೆಲ್ಲಿತು. ಓದಿ ಹೇಳಿರಿ ಎಂದರು, ಓದಿದೆ. ಇಬ್ಬರು ಹೆಂಗಸರ ಸಾವಿನ ದಿನದಲ್ಲಿ ಒಂದು ತಪ್ಪಿತ್ತು, ತಿದ್ದಿಸಿದರು. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಕಾಗದವನ್ನು ಮಡಚಿ, ಇನ್ನು ನೀವು ಹೋಗಿರಿ, ಇವರಿಗೆ ಕೆಲಸ ಹೇಳಿಕೊಡಬೇಕು ಎಂದರು.

ಅಂದಿನಿಂದ ನಾನು ವಿಚಾರಣೆಯ ಬುಲಾವಿಗಾಗಿ ಕಾದೆ. ಅಂಚೆಯವನು ಸಂದಿಯ ತಿರುವಿನಲ್ಲಿ ಕಂಡರೆ ಮೇಜು ಬಿಟ್ಟು ಒಳಗೆ ಹೋಗುತ್ತಿದ್ದೆ. ವರ್ಷವಾಗುತ್ತ ಬಂದಾಗ ಹೈದರಾಬಾದಿನಿಂದ ಎಲ್ಲ ದವಾಖಾನೆಗಳಿಗೂ ಒಂದು ಹುಕುಮು ಬಂತು. ಜ್ವರದ ಬಾಣಂತಿಯನ್ನು ನೋಡಿಕೊಂಡ ನರ್ಸು ಗೊತ್ತುಮಾಡಿದ ದಿನ ಕಳೆಯುವವರೆಗೆ ಹೆರಿಗೆಯ ಕೋಣೆಗೆ ಹೋಗಕೂಡದು. ಬಾಣಂತಿ ಜ್ವರದ ಸಾವಿಗೆ ಆರನೆಯ ನಂಬರನ್ನೇ ಹಾಕಬೇಕು. ಈ ಬಗ್ಗೆ ನರ್ಸು ಕೊಟ್ಟ ಅರ್ಜಿ ಯಾವ ಭಾಷೆಯಲ್ಲಿದ್ದರೂ ಅದೇ ದಿನ ಆವಕ ಆಗಬೇಕು. ಯಾವ ಭಾಷೆಯಲ್ಲಿದ್ದರೂ ಎಂಬುದನ್ನು ನಾನು ನಾಲ್ಕೈದು ಸಲ ಓದಿದೆ. ಒಂದು ದವಾಖಾನೆಯಲ್ಲಿ ನಡೆದ ಲೋಪದಿಂದ ಇದು ಗಮನಕ್ಕೆ ಬಂದಿದೆ ಎಂದಷ್ಟೇ ಇತ್ತು. ನನ್ನ ಹೆಸರಿಲ್ಲ. ಸಾಹೇಬರ ಹೆಸರೂ ಇಲ್ಲ. ಅವರು ಮುಂದೆ ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋದರು. ನಾನು ಅದೇ ಮೇಜಿನಲ್ಲಿ ಉಳಿದೆ. ನರ್ಸಬಾಯಿಯನ್ನು ಯಾರೂ ಮರಳಿ ಕರೆಯಲಿಲ್ಲ.

ನನ್ನ ಹೆಸರನ್ನು ಅವರೇ ತೆಗೆದು ಕಳಿಸಿರಬೇಕು ಎಂದು ನಾನು ನಂಬಿದೆ. ಮುಖ್ಯ ವಿಷಯವನ್ನಷ್ಟೇ ನಕಲು ಮಾಡಿ ಕಳಿಸಿರಬಹುದು, ನನ್ನ ಚಿಕ್ಕ ಸಂಸಾರ ನೋಡಿ ಕನಿಕರ ಪಟ್ಟಿರಬಹುದು. ಹಾಗೆ ನಂಬಿಕೊಂಡು ಒಳ್ಳೆಯ ನಿದ್ದೆ ಮಾಡಿದೆ.

ಎರಡನೆಯ ಹೆರಿಗೆಗೂ ಹೆಂಡತಿ ತವರಿಗೇ ಹೋದಳು. ಈ ಸಲ ನರ್ಸಬಾಯಿ ಅಂಗಳ ದಾಟಿ, ಪಡಸಾಲೆ ದಾಟಿ ಒಳಗೆ ಹೋದರು. ತೊಂದರೆಯೇನೂ ಆಗಲಿಲ್ಲ, ಬಿಸಿಲು ಏರುವುದರೊಳಗೆ ಹೆಣ್ಣು ಹುಟ್ಟಿತು. ಅವರು ಹೊರಗೆ ಬಂದು ಹಿತ್ತಲಲ್ಲಿ ಕೈ ತೊಳೆಯುವಾಗ ನಾನೇ ನೀರು ಹಾಕಿದೆ. ಇಷ್ಟು ದಿನ ಮನಸ್ಸಿನಲ್ಲಿದ್ದ ಕೃತಜ್ಞತೆಯನ್ನು ಹೇಳಿಬಿಡೋಣ ಎನಿಸಿತು. ಆ ಕಾಗದದಲ್ಲಿ ನನ್ನ ಹೆಸರನ್ನು ಕಾಣದಂತೆ ಮಾಡಿ ಕಳಿಸಿದಿರಿ, ನಿಮ್ಮ ಉಪಕಾರ ದೊಡ್ಡದು ಎಂದೆ.

ಅವರು ಕೈ ಕೊಡವಿ ನನ್ನ ಕಡೆ ತಿರುಗಿದರು.

"ನಾ ಏನೂ ತಗದಿಲ್ರಿ. ನೀವು ಬರದ ಹಾಳೀನ ಕಳಸೀನಿ. ನಿಮ್ಮ ಹೆಸರೂ ಇತ್ತು, ಸಾಹೇಬರ ಹೆಸರೂ ಇತ್ತು. ಹೈದರಾಬಾದಿನವರು ಅಳಿಸ್ಯಾರ."

ತಂಬಿಗೆ ಹಿಡಿದು ನಿಂತಿದ್ದೆ. ಅಂದರೆ ಮೇಲಿನವರೇ ಮುಚ್ಚಿಹಾಕಿದ್ದಾರೆ, ಇನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು. ಆ ಸಮಾಧಾನ ನನ್ನ ಮುಖದ ಮೇಲೆ ಬಂದದ್ದನ್ನು ಅವರು ನೋಡಿದರು. ಒದ್ದೆ ಕೈ ಮೇಲೆತ್ತಿ ಹಿಡಿದು ಬಾಣಂತಿಯ ಹತ್ತಿರ ಹೋದರು.